ಸೋರಿದ್ದು ಮೊದಲೋ, ಕಾದದ್ದು ಮೊದಲೋ?

ಬ್ರಹ್ಮಾವರದ ಕಡೆಯ ನಿವೃತ್ತ ಮಾಸ್ತರರೊಬ್ಬರು ಕಳೆದ ಮೇ ತಿಂಗಳಲ್ಲಿ ನಮ್ಮ ಗ್ಯಾರೇಜಿಗೆ ಬಂದಾಗ ಅವರ ಕಾರಿನ ಡಿಕ್ಕಿಯಲ್ಲಿ ಐದೈದು ಲೀಟರಿನ ಎರಡು ಕ್ಯಾನುಗಳಿದ್ದವು. ಎರಡರಲ್ಲೂ ಮನೆಯ ಬಾವಿಯ ನೀರು. ಇಪ್ಪತ್ತು ವರ್ಷ ದಾಟಿದ ಪುಟ್ಟ ಪೆಟ್ರೋಲ್ ಕಾರು, ಒಂದು ಗೀರೂ ಬೀಳದಂತೆ ಇಟ್ಟುಕೊಂಡಿದ್ದಾರೆ. ಮಗಳ ಮನೆ ತೀರ್ಥಹಳ್ಳಿಯಲ್ಲಿ. ಅಲ್ಲಿಗೆ ಹೋಗಬೇಕಾದರೆ ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆ ಘಾಟಿಯ 14 ತಿರುವುಗಳನ್ನು ಹತ್ತಬೇಕು. ಅರ್ಧ ಘಾಟಿ ಮುಗಿಯುವಷ್ಟರಲ್ಲಿ ಟೆಂಪರೇಚರ್ ಮುಳ್ಳು ಕೆಂಪು ಗೆರೆ ಮುಟ್ಟುತ್ತಿತ್ತು.

"ಮೂರು ದಿನಕ್ಕೊಮ್ಮೆ ಅರ್ಧ ಲೀಟರ್ ನೀರು ಬೇಕು ಮಾರಾಯರೇ. ಆದರೆ ನೆಲದಲ್ಲಿ ಒಂದು ಹನಿಯೂ ಕಾಣುವುದಿಲ್ಲ" ಎಂದರು. ಅಷ್ಟರಲ್ಲಾಗಲೇ ಬೇರೆ ಕಡೆ ಹೊಸ ರೇಡಿಯೇಟರ್ ಹಾಕಿಸಿದ್ದರು, ಥರ್ಮೋಸ್ಟಾಟ್ (ನೀರು ಬಿಸಿಯಾದ ಮೇಲೆ ಅದನ್ನು ರೇಡಿಯೇಟರಿಗೆ ಬಿಡುವ ವಾಲ್ವ್) ತೆಗೆಸಿದ್ದರು. ಈಗ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನ ಅಡಿಯ ಸೀಲ್) ಹೋಗಿದೆ, ಹೆಡ್ ಇಳಿಸಲೇಬೇಕು ಎಂದು ಯಾರೋ ಹೇಳಿದ ಮೇಲೆ ಹೆದರಿ ನನ್ನಲ್ಲಿಗೆ ಬಂದಿದ್ದರು.

ನಾನು ಕೆಲಸ ಕಲಿತದ್ದು ಅಂಬಾಸಿಡರ್ ಟ್ಯಾಕ್ಸಿಗಳ ಕಾಲದಲ್ಲಿ. ಕಲಿಸಿದ ಹಿರಿಯರು ಕಾದ ಗಾಡಿ ಬಂದ ಕೂಡಲೇ ತುಳುವಿನಲ್ಲಿ ಒಂದೇ ಪ್ರಶ್ನೆ ಕೇಳುತ್ತಿದ್ದರು: "ನೀರ್ ಓಡೆ ಪೋಂಡು?" ನೀರು ಎಲ್ಲಿಗೆ ಹೋಯಿತು? ಎಷ್ಟು ನೀರು ಹಾಕಲಿ ಎಂದು ನಾವು ಹುಡುಗರು ಕೇಳಿದರೆ ಗದರುತ್ತಿದ್ದರು. ಎಂಜಿನ್‌ನ ನೀರಿನ ವ್ಯವಸ್ಥೆ ಎಂದರೆ ಮುಚ್ಚಿದ ಪಾತ್ರೆ. ಅದರಲ್ಲಿ ನೀರು ದಿನದಿನಕ್ಕೆ ಕಡಿಮೆಯಾಗಬಾರದು. ಕಡಿಮೆಯಾಗಿದೆ ಎಂದರೆ ಹೊರಗೆ ಹೋಗಿದೆ, ಇಲ್ಲವೇ ಎಂಜಿನ್‌ನ ಒಳಗೆ ಹೋಗಿದೆ.

ಆ ಪ್ರಶ್ನೆಯ ಜೊತೆಗೆ ನಾನು ಇಷ್ಟು ವರ್ಷಗಳಲ್ಲಿ ಇನ್ನೊಂದನ್ನು ಸೇರಿಸಿಕೊಂಡಿದ್ದೇನೆ: ಸೋರಿದ್ದರಿಂದ ಕಾಯಿತೋ, ಕಾದದ್ದರಿಂದ ಸೋರಿತೋ? ಇದನ್ನು ಬಿಡಿಸಿಕೊಳ್ಳದೆ ಸ್ಪ್ಯಾನರ್ ಹಿಡಿದರೆ ಗಿರಾಕಿಯ ದುಡ್ಡು ಹೋಗುತ್ತದೆ, ರೋಗ ಉಳಿಯುತ್ತದೆ. ಹಿಂದೊಮ್ಮೆ ಉಡುಪಿಯ ಪರ್ಯಾಯ ಉತ್ಸವದ ಜನಸಂದಣಿಯಲ್ಲಿ ಕಲ್ಸಂಕದ ಬಳಿ ಸಿಕ್ಕಿಬಿದ್ದ ಕಾರೊಂದನ್ನು ಎಳೆದು ತಂದಿದ್ದರು. ಮುಂಭಾಗದ ಅಡಿಯಲ್ಲಿ ನೀರೋ ನೀರು. ರೇಡಿಯೇಟರ್ ಒಡೆದಿದೆ ಎಂದು ಮನೆಯವರೆಲ್ಲ ನಂಬಿದ್ದರು. ರೇಡಿಯೇಟರ್ ಗಟ್ಟಿಯಾಗಿಯೇ ಇತ್ತು. ಫ್ಯಾನ್ ತಿರುಗಿಸುವ ಥರ್ಮೋ ಸ್ವಿಚ್ ಸತ್ತಿತ್ತು. ನಿಂತ ಗಾಡಿಗೆ ಗಾಳಿ ಇಲ್ಲ, ನೀರು ಕುದಿಯಿತು, ಒತ್ತಡ ಏರಿ ಮುಚ್ಚಳದ ದಾರಿಯಿಂದ ಹೊರಗೆ ಬಂತು. ಅಲ್ಲಿ ಸೋರಿಕೆ ಬರೀ ಫಲ, ಕಾರಣ ಬೇರೆ.

ಹಾಗಾಗಿ ಮೊದಲು ಗಾಡಿಯವರ ಮಾತು ಕೇಳುತ್ತೇನೆ. ಯಾವಾಗ ಕಾಯುತ್ತದೆ? ಪೇಟೆಯ ಟ್ರಾಫಿಕ್‌ನಲ್ಲಿ ಕಾದು, ಕಾಪು–ಪಡುಬಿದ್ರಿ ಹೆದ್ದಾರಿಯಲ್ಲಿ ಓಡುವಾಗ ತಣ್ಣಗಾಗುತ್ತದೆ ಎಂದರೆ ಫ್ಯಾನ್, ಅದರ ರಿಲೇ, ಸ್ವಿಚ್ ನೋಡಬೇಕು. ಪೇಟೆಯಲ್ಲಿ ಸರಿಯಿದ್ದು ಘಾಟಿಯಲ್ಲಿ, ವೇಗದಲ್ಲಿ ಕಾಯುತ್ತದೆ ಎಂದರೆ ನೀರು ಕಡಿಮೆಯಿದೆ ಅಥವಾ ಸರಿಯಾಗಿ ಹರಿಯುತ್ತಿಲ್ಲ. ನೀರು ಕಡಿಮೆಯಾಗುವುದು ಗಾಡಿ ಕಾದ ದಿನ ಮಾತ್ರವೋ, ಕಾಯದ ದಿನವೂ ಹೌದೋ? ಮಾಸ್ತರರು ಶಾಲೆಯ ಹಾಜರಿ ಪುಸ್ತಕದ ಶಿಸ್ತಿನಲ್ಲಿ ಹಾಕಿದ ನೀರಿನ ಲೆಕ್ಕ ಬರೆದಿಟ್ಟಿದ್ದರು. ಬ್ರಹ್ಮಾವರ–ಉಡುಪಿ ಓಡಾಡಿ, ಮುಳ್ಳು ಅರ್ಧಕ್ಕಿಂತ ಮೇಲೆ ಹೋಗದ ದಿನಗಳಲ್ಲೂ ನೀರು ಇಳಿದಿತ್ತು. ಅಲ್ಲಿಗೆ ಅರ್ಧ ಕೆಲಸ ಮುಗಿಯಿತು. ಇಲ್ಲಿ ಸೋರಿಕೆಯೇ ಮೊದಲು.

ಗಾಡಿಯನ್ನು ರಾತ್ರಿ ಬಿಟ್ಟು ಹೋಗಲು ಹೇಳಿದೆ. ಸೋರಿಕೆ ಹುಡುಕಲು ತಣ್ಣಗಿನ ಎಂಜಿನ್ ಬೇಕು. ಬಿಸಿ ಎಂಜಿನ್‌ನ ಮುಚ್ಚಳ ತಿರುಗಿಸಿ ಮುಖ, ಕೈ ಸುಟ್ಟುಕೊಂಡವರನ್ನು ನಾನು ಕಂಡಿದ್ದೇನೆ. ಇನ್ನೊಂದು ಕಾರಣವೂ ಇದೆ. ಕೆಲವು ಸೋರಿಕೆಗಳು ಬೆಳಗ್ಗೆ ಮಾತ್ರ ಕಾಣುತ್ತವೆ. ಹಳೆಯ ಹೋಸ್ ಪೈಪಿನ ರಬ್ಬರ್ ತಣ್ಣಗಾದಾಗ ಕುಗ್ಗಿ ಕ್ಲಿಪ್‌ನಡಿಯಲ್ಲಿ ಹನಿ ಬಿಡುತ್ತದೆ, ಬಿಸಿಯಾದಾಗ ಹಿಗ್ಗಿ ತಾನೇ ಮುಚ್ಚಿಕೊಳ್ಳುತ್ತದೆ. ಬೇರೆ ಕೆಲವು ಒತ್ತಡ ಏರಿದ ಮೇಲೆಯೇ ಬಾಯಿ ಬಿಡುತ್ತವೆ, ಬಿದ್ದ ಹನಿ ಬಿಸಿ ಲೋಹದ ಮೇಲೆ ಆವಿಯಾಗಿ ಹೋಗುತ್ತದೆ. ನೆಲ ಒಣಗಿದೆ ಎಂದು ಸೋರಿಕೆ ಇಲ್ಲ ಎನ್ನಬಾರದು. ಆವಿಯಾದ ನೀರು ಕಲೆ ಬಿಟ್ಟು ಹೋಗುತ್ತದೆ. ಕೂಲೆಂಟ್ (ಎಂಜಿನ್ ನೀರಿಗೆ ಬೆರೆಸುವ ದ್ರವ) ಆದರೆ ಹಸಿರು ಅಥವಾ ಗುಲಾಬಿ ಬಣ್ಣದ ಹೊಟ್ಟು, ಬಾವಿ ನೀರಾದರೆ ಬಿಳಿ ಇಲ್ಲವೇ ತುಕ್ಕಿನ ಕೆಂಪು ಗೆರೆ. ಟಾರ್ಚ್ ಹಿಡಿದು ಆ ಗೆರೆಯನ್ನು ಮೇಲಕ್ಕೆ ಹಿಂಬಾಲಿಸಬೇಕು. ನೀರು ಕೆಳಗೆ ಹರಿಯುತ್ತದೆ, ತೂತು ಯಾವಾಗಲೂ ಕಲೆಗಿಂತ ಮೇಲಿರುತ್ತದೆ. ಓಡುವ ಗಾಡಿಯಲ್ಲಿ ಗಾಳಿ ಹನಿಯನ್ನು ಹಿಂದಕ್ಕೆ ತಳ್ಳುವುದರಿಂದ ಕಲೆಗಿಂತ ಮುಂದೆಯೂ ನೋಡಬೇಕು. ಎಡಗಡೆ ಆಸನದ ಕಾಲಡಿಯ ಮ್ಯಾಟ್ ಒದ್ದೆಯಾಗಿದ್ದು, ಒಳಗೆ ಸಿಹಿ ವಾಸನೆ ಇದ್ದು, ಮುಂದಿನ ಗಾಜಿಗೆ ಜಿಡ್ಡು ಮಂಜು ಕೂರುತ್ತಿದ್ದರೆ ಡ್ಯಾಶ್‌ಬೋರ್ಡ್ ಒಳಗಿನ ಹೀಟರ್ ಸೋರುತ್ತಿದೆ. ಎ.ಸಿ. ನೀರು ಹಾಗಲ್ಲ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಜಿಡ್ಡಿಲ್ಲ.

ಮುಚ್ಚಳದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಇಷ್ಟು ಅಗ್ಗದ ವಸ್ತುವಿನಿಂದ ಇಷ್ಟು ದೊಡ್ಡ ಹಾನಿಯಾಗುವುದನ್ನು ನಾನು ಬೇರೆಲ್ಲೂ ನೋಡಿಲ್ಲ. ರೇಡಿಯೇಟರ್ ಮುಚ್ಚಳ ಡಬ್ಬಿಯ ಮುಚ್ಚಳದಂತೆ ಬರೀ ಬಾಯಿ ಮುಚ್ಚುವುದಲ್ಲ, ಅದು ಎರಡು ವಾಲ್ವ್‌ಗಳಿರುವ ಯಂತ್ರ. 0.9 ಎಂದು ಗುರುತಿರುವ ಮುಚ್ಚಳ ಹೊರಗಿನ ಗಾಳಿಗಿಂತ 0.9 ಬಾರ್ ಹೆಚ್ಚಿನ ಒತ್ತಡವನ್ನು ಒಳಗೆ ಹಿಡಿದಿಡುತ್ತದೆ. ಆ ಒತ್ತಡದಲ್ಲಿ ಬರೀ ನೀರು ಕೂಡ 100 ಡಿಗ್ರಿಗೆ ಕುದಿಯದೆ ಸುಮಾರು 118 ಡಿಗ್ರಿಯವರೆಗೆ ತಡೆದುಕೊಳ್ಳುತ್ತದೆ. ಕುಕ್ಕರಿನ ತತ್ವವೇ ಇದು. ಮುಚ್ಚಳದ ರಬ್ಬರ್ ಗಟ್ಟಿಯಾಗಿ ಒತ್ತಡ ನಿಲ್ಲದಿದ್ದರೆ ಎಲ್ಲ ಸರಿಯಿರುವ ಎಂಜಿನ್ ಕೂಡ ಘಾಟಿಯಲ್ಲಿ ಕುದಿಯುತ್ತದೆ. ಎರಡನೆಯ ವಾಲ್ವ್ ತಣ್ಣಗಾಗುವ ಹೊತ್ತಿನ ಕೆಲಸಗಾರ. ನೀರು ಕುಗ್ಗಿದಾಗ ಅದು ತೆರೆದುಕೊಂಡು ಪಕ್ಕದ ಬಾಟಲಿಯಿಂದ ನೀರನ್ನು ಹಿಂದಕ್ಕೆ ಎಳೆದುಕೊಳ್ಳಬೇಕು. ಅದು ಕೆಟ್ಟರೆ ನೀರು ಬಾಟಲಿಗೆ ಹೋಗುತ್ತದೆ, ತಿರುಗಿ ಬರುವುದಿಲ್ಲ. ಬಾಟಲಿ ತುಂಬಿದೆ ಎಂದು ಗಾಡಿಯವರು ನಿಶ್ಚಿಂತೆಯಿಂದ ಇರುತ್ತಾರೆ, ರೇಡಿಯೇಟರ್ ಬರಿದಾಗಿರುತ್ತದೆ. ಬೆಳಗ್ಗೆ ಬಾನೆಟ್ ತೆಗೆದಾಗ ಮೇಲಿನ ಹೋಸ್ ಹಿಂಡಿದಂತೆ ಚಪ್ಪಟೆಯಾಗಿದ್ದರೆ ಆ ವಾಲ್ವ್ ಅಥವಾ ಬಾಟಲಿಗೆ ಹೋಗುವ ಸಣ್ಣ ನಳಿಕೆ ಕಟ್ಟಿದೆ. ಹೊಸ ಮುಚ್ಚಳ ತರುವಾಗ ಹಳೆಯದರ ಅಂಕಿಯನ್ನೇ ನೋಡಿ ತನ್ನಿ. ಹೆಚ್ಚಿನ ಅಂಕಿಯದು ಹಾಕಿದರೆ ಹಳೆಯ ಹೋಸ್ ಒಡೆಯುತ್ತದೆ.

ಮಾಸ್ತರರ ಕಾರಿನ ಮುಚ್ಚಳ ಸರಿಯಿತ್ತು. ಪ್ರೆಶರ್ ಟೆಸ್ಟರ್ ತೆಗೆದೆ. ಸೈಕಲ್ ಪಂಪಿನಂಥ ಸಣ್ಣ ಕೈಪಂಪು, ಅದಕ್ಕೊಂದು ಮಾಪಕ. ರೇಡಿಯೇಟರ್ ತುಂಬಿಸಿ, ಮುಚ್ಚಳದ ಜಾಗಕ್ಕೆ ಇದನ್ನು ಕೂರಿಸಿ, ಮುಚ್ಚಳದ ಮೇಲೆ ಬರೆದಷ್ಟೇ ಒತ್ತಡ ಕೊಟ್ಟು ಸುಮ್ಮನೆ ಕಾಯಬೇಕು. ಈ ಕಾಯುವಿಕೆಯೇ ಅನೇಕರಿಗೆ ಆಗುವುದಿಲ್ಲ. ಎರಡು ನಿಮಿಷ ನೋಡಿ ಮುಳ್ಳು ನಿಂತಿದೆ, ಸೋರಿಕೆಯಿಲ್ಲ ಎಂದು ಬಿಡುತ್ತಾರೆ. ನಾನು ಹದಿನೈದು ನಿಮಿಷ ಬಿಟ್ಟೆ. ಮುಳ್ಳು ಕೂದಲೆಳೆಯಷ್ಟು ಇಳಿದಿತ್ತು. ಎಂಜಿನ್ ಅನ್ನು ಬಟ್ಟೆಯಿಂದ ಒರೆಸಿ ಒಣಗಿಸಿ, ಸಂಶಯವಿದ್ದ ಜಾಗಗಳಿಗೆಲ್ಲ ಮುಖಕ್ಕೆ ಹಚ್ಚುವ ಪೌಡರ್ ಉದುರಿಸಿದೆ. ನೀರಿಗೆ ಬೆರೆಸುವ, ನೇರಳಾತೀತ (ಯು.ವಿ.) ಬೆಳಕಿನಲ್ಲಿ ಹೊಳೆಯುವ ಬಣ್ಣ ಈಗ ಸಿಗುತ್ತದೆ, ಅದೂ ಒಳ್ಳೆಯದೇ. ಪೌಡರಿನ ಗುಣವೆಂದರೆ ಒಂದೇ ಹನಿ ಬಂದರೂ ಬಿಳಿಯ ಮೇಲೆ ಕಪ್ಪು ಗೆರೆ ಎಳೆಯುತ್ತದೆ.

ವಾಟರ್ ಪಂಪ್ ಒಣಗಿತ್ತು. ಪಂಪಿನ ಅಡಿಯಲ್ಲಿ ಒಂದು ಸಣ್ಣ ರಂಧ್ರವಿರುತ್ತದೆ. ಒಳಗಿನ ಸೀಲ್ ಹೋದಾಗ ನೀರು ಅಲ್ಲಿಂದ ತೊಟ್ಟಿಕ್ಕಿ ನಮಗೆ ಎಚ್ಚರಿಕೆ ಕೊಡಲೆಂದೇ ಇಟ್ಟ ರಂಧ್ರ ಅದು. ಅಂಟು ಮೆತ್ತಿ ಅದನ್ನು ಮುಚ್ಚಿದವರಿದ್ದಾರೆ. ನೀರು ಆಗ ಬೇರಿಂಗ್‌ಗೆ ಹೋಗುತ್ತದೆ, ಪಂಪ್ ಒಂದು ದಿನ ದಾರಿಯಲ್ಲಿ ಹಿಡಿದುಕೊಳ್ಳುತ್ತದೆ. ಹೋಸ್‌ಗಳು ಸರಿ, ರೇಡಿಯೇಟರ್ ಹೊಸದು. ಕೊನೆಗೆ ಉದ್ದ ಹಿಡಿಯ ಸಣ್ಣ ಕನ್ನಡಿಯನ್ನು ಎಂಜಿನ್ ಹಿಂದಕ್ಕೆ ತೂರಿಸಿದಾಗ ಇನ್‌ಟೇಕ್ ಮ್ಯಾನಿಫೋಲ್ಡ್‌ನ (ಎಂಜಿನ್ ಒಳಗೆ ಗಾಳಿ ಒಯ್ಯುವ ಕೊಳವೆ) ಅಡಿಯಲ್ಲಿ ಮಲಗಿದ ಕಬ್ಬಿಣದ ನೀರಿನ ಪೈಪಿನ ಮೇಲೆ ಗೆರೆ ಕಂಡಿತು. ಸೂಜಿ ಮೊನೆಯಷ್ಟು ತೂತು. ಹನಿ ಬೀಳುತ್ತಿದ್ದದ್ದು ಎಂಜಿನ್ ಮೈಮೇಲೆ, ಗಾಡಿ ಓಡುವಾಗ ಅಲ್ಲೇ ಆವಿ. ಪೈಪ್ ಬಿಚ್ಚಿ ಮಾಸ್ತರರ ಕೈಗೆ ಕೊಟ್ಟೆ. ಹೊರಗೆ ಒಂದೇ ತೂತು, ಒಳಗೆಲ್ಲ ತುಕ್ಕಿನ ಪದರ.

ತುಕ್ಕು ಬಂದದ್ದು ಡಿಕ್ಕಿಯಲ್ಲಿದ್ದ ಕ್ಯಾನುಗಳಿಂದ. ನಮ್ಮ ಊರಿನವರಿಗೆ ತಮ್ಮ ಬಾವಿಯ ನೀರಿನ ಮೇಲೆ ಅಭಿಮಾನ, ನನಗೂ ಇದೆ. ಆದರೆ ಕುಡಿಯಲು ಸಿಹಿಯಾದ ನೀರು ಎಂಜಿನ್‌ಗೆ ಹಿತವಲ್ಲ. ಮುರಕಲ್ಲಿನ ಬಾವಿಗಳ ನೀರು ಹೆಚ್ಚಾಗಿ ತುಸು ಆಮ್ಲೀಯ, ಕೆಲವು ಕಡೆ ಕಬ್ಬಿಣದ ಅಂಶವೂ ಇದೆ. ಮಲ್ಪೆ, ಕಾಪುವಿನ ಕಡಲ ಬದಿಯಲ್ಲಿ ಬೇಸಗೆಗೆ ಉಪ್ಪು ಸೇರುತ್ತದೆ. ಉಪ್ಪು ಅಲ್ಯೂಮಿನಿಯಂ ಹೆಡ್ಡನ್ನು ತಿನ್ನುತ್ತದೆ. ನಮ್ಮಲ್ಲಿ ಹಿಮ ಬೀಳುವುದಿಲ್ಲ, ಕೂಲೆಂಟ್ ಏಕೆ ಎಂದು ಕೇಳುತ್ತಾರೆ. ಕೂಲೆಂಟ್ ನೀರು ಹೆಪ್ಪುಗಟ್ಟದಂತೆ ನೋಡುವುದರ ಜೊತೆಗೆ ತುಕ್ಕನ್ನು ತಡೆಯುತ್ತದೆ, ಪಂಪಿನ ಸೀಲನ್ನು ಕಾಪಾಡುತ್ತದೆ, ಕುದಿಯುವ ಮಟ್ಟವನ್ನು ಏರಿಸುತ್ತದೆ. ಕಾರಿನ ಕೈಪಿಡಿ ಹೇಳಿದ ಬಗೆಯದನ್ನು, ಹೇಳಿದ ಪ್ರಮಾಣದಲ್ಲಿ, ಡಿಸ್ಟಿಲ್ಡ್ ನೀರಿನ ಜೊತೆ ಹಾಕಿ. ಬಣ್ಣ ನೋಡಿ ಬೆರೆಸಬೇಡಿ, ಬಣ್ಣಕ್ಕೆ ನಿಯಮವಿಲ್ಲ. ಇಳಿಸಿದ ಕೂಲೆಂಟನ್ನು ಅಂಗಳದಲ್ಲಿ ಚೆಲ್ಲಬೇಡಿ. ಅದು ಸಿಹಿ, ನಾಯಿ ಬೆಕ್ಕು ನೆಕ್ಕಿದರೆ ಸಾಯುತ್ತವೆ.

ತೆಗೆದಿದ್ದ ಥರ್ಮೋಸ್ಟಾಟ್ ಅನ್ನೂ ಹೊಸದಾಗಿ ಕೂರಿಸಿದೆ. ಅದನ್ನು ತೆಗೆದರೆ ಗಾಡಿ ತಂಪಾಗಿರುತ್ತದೆ ಎಂಬುದು ನಮ್ಮ ಕಸುಬಿನಲ್ಲೇ ಬೇರೂರಿದ ತಪ್ಪು. ಕೆಲವು ಎಂಜಿನ್‌ಗಳಲ್ಲಿ ಅದಿಲ್ಲದಿದ್ದರೆ ಬಿಸಿ ನೀರಿನ ಒಂದು ಭಾಗ ರೇಡಿಯೇಟರಿಗೆ ಹೋಗದೆ ಬೈಪಾಸ್‌ನಲ್ಲೇ ಸುತ್ತುತ್ತದೆ, ಘಾಟಿಯಲ್ಲಿ ಮೊದಲಿಗಿಂತ ಬೇಗ ಕಾಯುತ್ತದೆ. ರೇಡಿಯೇಟರಿಗೆ ಅರಿಶಿನ ಪುಡಿ ಸುರಿಯುವುದು ಇನ್ನೊಂದು. ಹಳೆಯ ಚಾಲಕರು ದಾರಿಯಲ್ಲಿ ಊರು ಮುಟ್ಟಲು ಮಾಡುತ್ತಿದ್ದ ಉಪಾಯ ಅದು. ಮನೆ ಸೇರಿದ ಮೇಲೂ ಅದನ್ನೇ ನಂಬಿದರೆ ರೇಡಿಯೇಟರಿನ ಸಣ್ಣ ನಳಿಕೆಗಳು ಕಟ್ಟುತ್ತವೆ.

ಹಾಗಾದರೆ ಹೆಡ್ ಗ್ಯಾಸ್ಕೆಟ್? ಅದು ಹೋಗುವುದೇ ಇಲ್ಲ ಎಂದು ನಾನು ಹೇಳುವುದಿಲ್ಲ. ಹೋಗಿದೆ ಎನ್ನಲು ಸಾಕ್ಷಿ ಬೇಕು. ತಣ್ಣಗಿನ ಎಂಜಿನ್‌ಗೆ ಟೆಸ್ಟರ್ ಕೂರಿಸಿ ಸ್ಟಾರ್ಟ್ ಮಾಡಿದ ಕೂಡಲೇ, ನೀರು ಇನ್ನೂ ಬಿಸಿಯಾಗುವ ಮೊದಲೇ ಮುಳ್ಳು ಏರಿದರೆ ಸಿಲಿಂಡರಿನ ಹೊಗೆ ನೀರಿಗೆ ಬರುತ್ತಿದೆ. ರಾತ್ರಿ ನಿಂತ ಮೇಲೆ ಒಂದೇ ಸ್ಪಾರ್ಕ್ ಪ್ಲಗ್ ಒದ್ದೆಯಾಗಿದ್ದರೆ ಅಥವಾ ಉಳಿದವು ಕಂದಾಗಿದ್ದು ಒಂದು ಮಾತ್ರ ತೊಳೆದಂತೆ ಬೆಳ್ಳಗಿದ್ದರೆ ನೀರು ಆ ಸಿಲಿಂಡರಿಗೆ ಇಳಿಯುತ್ತಿದೆ. ಆಯಿಲ್ ಕಡ್ಡಿಯಲ್ಲಿ ಹಾಲು ಬೆರೆಸಿದ ಕಾಫಿಯ ಬಣ್ಣವಿದ್ದರೆ ನೀರು ಆಯಿಲಿಗೆ ಸೇರುತ್ತಿದೆ. ನಮ್ಮ ಕರಾವಳಿಯಲ್ಲಿ ಇಲ್ಲೊಂದು ಎಚ್ಚರ ಬೇಕು. ಜುಲೈ ತಿಂಗಳ ಮಳೆಯಲ್ಲಿ ದಿನಕ್ಕೆ ಮೂರು ನಾಲ್ಕು ಕಿಲೋಮೀಟರ್ ಮಾತ್ರ ಓಡುವ ಗಾಡಿಯ ಆಯಿಲ್ ಮುಚ್ಚಳದ ಒಳಬದಿಯಲ್ಲಿ ಬೆಣ್ಣೆಯಂಥ ಬಿಳಿ ಪದರ ಕಟ್ಟುತ್ತದೆ. ಎಂಜಿನ್ ಪೂರ್ತಿ ಬಿಸಿಯಾಗದೆ ಒಳಗಿನ ತೇವ ಆರದೆ ಉಳಿದದ್ದು ಅದು. ಅದನ್ನೇ ತೋರಿಸಿ ಹೆಡ್ ಇಳಿಸಿದ ಗಾಡಿಗಳನ್ನು ಕಂಡು ನನಗೆ ನೋವಾಗಿದೆ. ಕಡ್ಡಿ ನೋಡಿ. ಕಡ್ಡಿಯ ಆಯಿಲ್ ಶುದ್ಧವಿದ್ದು ಕೂಲೆಂಟ್ ಇಳಿಯದಿದ್ದರೆ ಗಾಡಿಯನ್ನು ಒಮ್ಮೆ ಕುಂದಾಪುರದವರೆಗೆ ಓಡಿಸಿಕೊಂಡು ಬನ್ನಿ, ಆ ಪದರ ಹೋಗುತ್ತದೆ. ಮಾಸ್ತರರ ಕಾರಿನಲ್ಲಿ ಈ ಯಾವ ಲಕ್ಷಣವೂ ಇರಲಿಲ್ಲ.

ಪೈಪ್ ಹಾಕಿದ ಮೇಲೆ ನೀರು ತುಂಬಿಸುವುದೂ ಒಂದು ಕೆಲಸ. ಗಾಡಿಯ ಮೂತಿ ಸ್ವಲ್ಪ ಮೇಲಿರುವಂತೆ ಏರಿನಲ್ಲಿ ನಿಲ್ಲಿಸಿ, ಹೀಟರ್ ಪೂರ್ತಿ ತೆರೆದು ನಿಧಾನವಾಗಿ ತುಂಬಿಸಿದೆ. ಮುಚ್ಚಳ ತೆಗೆದೇ ಎಂಜಿನ್ ಓಡಿಸಿದಾಗ ಗುಳ್ಳೆಗಳು ಬರತೊಡಗಿದವು. ಮೇಲಿನ ಹೋಸ್ ಒಮ್ಮೆಲೇ ಬಿಸಿಯಾದಾಗ ಥರ್ಮೋಸ್ಟಾಟ್ ತೆರೆಯಿತು ಎಂದು ತಿಳಿಯಿತು, ನೀರು ದಡಕ್ಕನೆ ಇಳಿಯಿತು, ಮತ್ತೆ ತುಂಬಿಸಿದೆ. ಗಾಳಿ ಉಳಿದರೆ ಹೊಸ ಪೈಪ್ ಹಾಕಿಯೂ ಗಾಡಿ ಕಾಯುತ್ತದೆ. ಮರುದಿನ ಬೆಳಗ್ಗೆ ಎರಡು ಬೆರಳು ಕಡಿಮೆಯಿತ್ತು, ಅದು ಗಾಳಿ ಬಿಟ್ಟ ಜಾಗ. ಆ ಬಳಿಕ ಇಳಿಯಲಿಲ್ಲ.

"ಇನ್ನು ಘಾಟಿಯಲ್ಲಿ ಕಾದರೆ ಏನು ಮಾಡಲಿ?" ಎಂದು ಹೊರಡುವಾಗ ಅವರು ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿಯೂ ಬರೆಯುತ್ತೇನೆ. ಮುಳ್ಳು ಏರತೊಡಗಿದರೆ ಎ.ಸಿ. ನಿಲ್ಲಿಸಿ, ಹೀಟರ್ ಪೂರ್ತಿ ಬಿಡಿ, ಸೆಕೆಯಾದರೂ ತಡೆದುಕೊಳ್ಳಿ. ತಿರುವಿನಲ್ಲಲ್ಲದೆ ಸುರಕ್ಷಿತ ಜಾಗ ಸಿಕ್ಕಿದ ಕೂಡಲೇ ನಿಲ್ಲಿಸಿ ಎಂಜಿನ್ ಬಂದ್ ಮಾಡಿ. ಕನಿಷ್ಠ ಮುಕ್ಕಾಲು ಗಂಟೆ ಮುಚ್ಚಳ ಮುಟ್ಟಬೇಡಿ. ಆಮೇಲೆ ದಪ್ಪ ಬಟ್ಟೆ ಹಾಕಿ ನಿಧಾನವಾಗಿ ತಿರುಗಿಸಿ. ಕಾದ ಎಂಜಿನ್‌ಗೆ ತಣ್ಣೀರು ಸುರಿದರೆ ಹೆಡ್ ಬಿರಿಯಬಹುದು, ಬಾಗಬಹುದು. ಮತ್ತೆ ಇದನ್ನು ಮರೆಯಲೇಬೇಡಿ: ಏರಿದ ಮುಳ್ಳು, ನೀವು ಏನೂ ಮಾಡದೆ, ಒಮ್ಮೆಲೇ ಕೆಳಗಿಳಿದರೆ ಗಾಡಿ ತಣ್ಣಗಾಯಿತು ಎಂದುಕೊಳ್ಳಬೇಡಿ. ಸೆನ್ಸರ್ ಮುಳುಗುವಷ್ಟೂ ನೀರು ಉಳಿದಿಲ್ಲದಿದ್ದರೆ ಮುಳ್ಳು ಸುಳ್ಳು ಹೇಳುತ್ತದೆ. ಹೀಟರಿನಿಂದ ಬಿಸಿ ಗಾಳಿ ಬರುವುದು ನಿಂತು ತಣ್ಣಗಿನ ಗಾಳಿ ಬಂದರೂ ಅದೇ ಅರ್ಥ. ಅಲ್ಲಿಂದ ಮುಂದೆ ನೂರು ಮೀಟರ್ ಕೂಡ ಓಡಿಸದೆ ಟೋಯಿಂಗ್ ಗಾಡಿ ಕರೆಸಿ.