ಪದ ಪರಿಚಯ: ಲೆಗಸಿ ವೇಸ್ಟ್

ಪಾಲಿಕೆಯ ಟೆಂಡರ್‌ಗಳಲ್ಲಿ, ಪತ್ರಿಕೆಗಳ ಹುಬ್ಬಳ್ಳಿ-ಧಾರವಾಡ ಪುಟಗಳಲ್ಲಿ ಈಗೀಗ ಜಾಸ್ತಿ ಕಾಣುವ ಪದ ಲೆಗಸಿ ವೇಸ್ಟ್. ಪಾರಂಪರಿಕ ತ್ಯಾಜ್ಯ ಅಂತಲೂ ಬರೆಯುತ್ತಾರೆ. ಹಳೆ ಕಸ ಅಂದರೂ ನಡೆಯುತ್ತದೆ. ವರ್ಷಗಟ್ಟಲೆ ಹಸಿ-ಒಣ ಬೇರೆ ಮಾಡದೆ, ಏನೂ ಸಂಸ್ಕರಿಸದೆ ಒಂದೇ ಜಾಗಕ್ಕೆ ತಂದು ಸುರಿದ ಊರ ಕಸ ಇದು. ಹುಬ್ಬಳ್ಳಿಯವರಿಗೆ ಕಾರವಾರ ರಸ್ತೆಯ ಡಂಪಿಂಗ್ ಯಾರ್ಡ್, ಧಾರವಾಡದವರಿಗೆ ಹೊಸಯಲ್ಲಾಪುರದ್ದು ಅಂದರೆ ಸಾಕು, ಬೇರೆ ವಿವರಣೆ ಬೇಡ.

ಕಸ ಹಳೆಯದಾದರೆ ಕೊಳೆತು ಮಣ್ಣಾಗಬೇಕು, ಅಲ್ವಾ? ಹಳ್ಳಿಯ ತಿಪ್ಪೆಯಲ್ಲಿ ಆಗುವುದು ಅದೇ. ಸಗಣಿ, ಕಣಕಿ ಚೂರು, ಒಲೆ ಬೂದಿ ಎಲ್ಲ ಅಲ್ಲೇ ಬೀಳುತ್ತವೆ. ಮುಂಗಾರಿಗೆ ಮುಂಚೆ ಗೊಬ್ಬರ ಹೊಲ ಸೇರುತ್ತದೆ, ಗುಂಡಿ ಖಾಲಿಯಾಗುತ್ತದೆ. ಅವಳಿ ನಗರದ ಕಸಕ್ಕೂ ಒಂದು ಕಾಲದಲ್ಲಿ ಇಂಥದ್ದೇ ದಾರಿ ಇತ್ತು. ಹೊಂಡದಲ್ಲಿ ಕೊಳೆತ ಕಸವನ್ನು ಪಾಲಿಕೆ ಹರಾಜು ಹಾಕುತ್ತಿತ್ತು. ಸುತ್ತಲಿನ ರೈತರು ದುಡ್ಡು ಕೊಟ್ಟು ಒಯ್ಯುತ್ತಿದ್ದರು. ನಮ್ಮ ಕಸಕ್ಕೆ ಗಿರಾಕಿ ಇದ್ದರು! ಆಮೇಲೆ ಅದರಲ್ಲಿ ಪ್ಲಾಸ್ಟಿಕ್, ಗಾಜಿನ ಚೂರು ಹೆಚ್ಚಾದವು. ಇಂಥದ್ದನ್ನು ಹೊಲಕ್ಕೆ ಹಾಕಿಕೊಂಡು ಏನು ಮಾಡಬೇಕು ಎಂದು ರೈತರು ಹಿಂದೆ ಸರಿದರು. ಹೋಗಲು ದಾರಿಯಿಲ್ಲದ ಕಸ ಬಿದ್ದಲ್ಲೇ ಗುಡ್ಡವಾಯಿತು. ಕಸ ಜಾಸ್ತಿಯಾದದ್ದಕ್ಕಿಂತ ಅದನ್ನು ಕಲಬೆರಕೆ ಮಾಡಿದ್ದೇ ದೊಡ್ಡ ಕೇಡು ಎಂದು ನಾನು ಹೇಳುವುದು ಇದಕ್ಕೇ.

ಗುಡ್ಡದ ಒಳಗೆ ಗಾಳಿಯಾಡುವುದಿಲ್ಲ. ಅನ್ನ, ತರಕಾರಿ ಸಿಪ್ಪೆ ಗಾಳಿಯಿಲ್ಲದೆ ಕೊಳೆತರೆ ಮೀಥೇನ್ ಎಂಬ ಉರಿಯುವ ಅನಿಲ ಹುಟ್ಟುತ್ತದೆ. 100 ವರ್ಷದ ಲೆಕ್ಕದಲ್ಲಿ ಇದು ಭೂಮಿಯನ್ನು ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಹೆಚ್ಚು ಕಾಯಿಸುತ್ತದೆ. ಬೇಸಿಗೆಯಲ್ಲಿ ಕಸಕ್ಕೆ ಬೆಂಕಿ ಹತ್ತಲೂ ಇದು ಸಾಕು. ಮೇಲೆ ಎಷ್ಟು ನೀರು ಹೊಡೆದರೂ ಒಳಗಿನ ಬೆಂಕಿ ದಿನಗಟ್ಟಲೆ ಹೊಗೆಯಾಡುತ್ತದೆ. ಆ ಹೊಗೆಯಲ್ಲಿ ಪಿವಿಸಿ ಪ್ಲಾಸ್ಟಿಕ್ ಸುಟ್ಟಾಗ ಹುಟ್ಟುವ ಡಯಾಕ್ಸಿನ್ ಎಂಬ ವಿಷ ಇರುತ್ತದೆ. ಮೈ ಸೇರಿದ ಡಯಾಕ್ಸಿನ್ ಅರ್ಧಕ್ಕೆ ಇಳಿಯಲು 7ರಿಂದ 11 ವರ್ಷ ಬೇಕು.

ಮಳೆಗಾಲದ ಕಥೆ ಬೇರೆ. ಕಸದೊಳಗೆ ಇಳಿದ ನೀರು ಕಪ್ಪಗಾಗಿ ಬುಡದಿಂದ ಒಸರುತ್ತದೆ. ಇದಕ್ಕೆ ಲೀಚೇಟ್ ಎನ್ನುತ್ತಾರೆ. ಬ್ಯಾಟರಿಯ ಸೀಸ, ಕ್ಯಾಡ್ಮಿಯಂ, ಸಿಎಫ್‌ಎಲ್ ಬಲ್ಬಿನ ಪಾದರಸ ಇದರ ಜೊತೆ ಕೆಳಗಿಳಿಯುತ್ತವೆ. ಹುಬ್ಬಳ್ಳಿ ಕಡೆಯ ಎರೆಮಣ್ಣು ಬೇಸಿಗೆಗೆ ಬಿರಿದಿರುತ್ತದೆ. ಮೊದಲ ಮಳೆಯ ನೀರು ಆ ಬಿರುಕುಗಳಲ್ಲೇ ಸರ್ರನೆ ಇಳಿಯುತ್ತದೆ. ಸೀಸ ಕೊಳೆಯುವ ವಸ್ತುವಲ್ಲ. ಮಣ್ಣಿಗೆ ಸೇರಿತು ಅಂದರೆ ಸೇರಿತು, ಮೊಮ್ಮಕ್ಕಳ ಕಾಲಕ್ಕೂ ಅಲ್ಲೇ ಇರುತ್ತದೆ.

ಕಾನೂನು ಇಲ್ಲ ಅನ್ನುವಂತಿಲ್ಲ. 1996ರಲ್ಲಿ ಪರಿಸರ ಹೋರಾಟಗಾರ್ತಿ ಅಲ್ಮಿತ್ರಾ ಪಟೇಲ್ ಊರುಗಳ ಕಸದ ವಿಷಯಕ್ಕೆ ಸುಪ್ರೀಂ ಕೋರ್ಟಿಗೆ ಹೋದರು. ಆ ಮೊಕದ್ದಮೆಯಿಂದಾಗಿ 2000ದಲ್ಲಿ ನಗರಗಳ ಘನತ್ಯಾಜ್ಯಕ್ಕೆ ನಿಯಮ ಬಂತು. 2016ರಲ್ಲಿ ಅದು ಇನ್ನಷ್ಟು ಬಿಗಿಯಾಯಿತು. 2021ರಲ್ಲಿ ಶುರುವಾದ ಸ್ವಚ್ಛ ಭಾರತದ ಎರಡನೇ ಹಂತದಲ್ಲಿ ಹಳೆ ಗುಡ್ಡ ಕರಗಿಸುವುದೇ ಒಂದು ಗುರಿ.

ಕರಗಿಸುವ ಕೆಲಸಕ್ಕೆ ಬಯೋಮೈನಿಂಗ್ ಎಂದು ಹೆಸರು. ಗುಡ್ಡ ಅಗೆದು ಕಸವನ್ನು ಉದ್ದುದ್ದ ಸಾಲು ಮಾಡುತ್ತಾರೆ. ಸೂಕ್ಷ್ಮಜೀವಿಗಳ ದ್ರಾವಣ ಸಿಂಪಡಿಸಿ, ಆಗಾಗ ಮಗುಚಿ ಗಾಳಿಯಾಡಿಸುತ್ತಾರೆ. ಒಣಗಿದ ಮೇಲೆ ಟ್ರಾಮೆಲ್ ಎಂಬ ತಿರುಗುವ ದೊಡ್ಡ ಜರಡಿಗೆ ಹಾಕುತ್ತಾರೆ. ಸಣ್ಣ ಮಣ್ಣು ಕೆಳಗೆ ಉದುರುತ್ತದೆ. ಇಟ್ಟಂಗಿ ಚೂರು, ಕಲ್ಲು ಇನ್ನೊಂದು ಕಡೆ. ಆ ತುದಿಯಿಂದ ಹೊರಬೀಳುವುದು ಚಪ್ಪಲಿ, ಸೀರೆ ತುಂಡು, ಮಣ್ಣು ಮೆತ್ತಿದ ಕ್ಯಾರಿಬ್ಯಾಗು, ಶಾಂಪೂ ಮತ್ತು ಗುಟ್ಕಾ ಚೀಟುಗಳು. ಚೀಟನ್ನು ಸ್ವಲ್ಪ ಒರೆಸಿದರೆ ಸಾಕು, ಕಂಪನಿ ಹೆಸರು ಇನ್ನೂ ಕಾಣುತ್ತದೆ. ಪ್ಲಾಸ್ಟಿಕ್ ಪದರಗಳ ನಡುವೆ ಅಲ್ಯೂಮಿನಿಯಂ ಅಂಟಿಸಿದ ಈ ಮಾಲು ಗುಜರಿಯವರಿಗೂ ಬೇಡ. ಸುಡಲು ಬರುವಂಥದ್ದನ್ನು ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಕಳಿಸುತ್ತಾರೆ.

ಮಾಲಿನ್ಯ ಮಾಡಿದವನೇ ಅದರ ಖರ್ಚು ಭರಿಸಬೇಕು ಎಂಬ ತತ್ವ ನಮ್ಮ ನೆಲದ ಕಾನೂನಿನ ಭಾಗ ಎಂದು ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ಅದು ವೆಲ್ಲೂರು ಕಡೆಯ ಚರ್ಮ ಹದಮಾಡುವ ಘಟಕಗಳ ಕೇಸು. ಅಲ್ಲಿ ಮಾಡಿದವರು ಯಾರೆಂದು ಗೊತ್ತಿತ್ತು. ಊರ ಗುಡ್ಡದಲ್ಲಿ ನನ್ನ ಮನೆ ಕಸ ಯಾವುದು, ನಿಮ್ಮದು ಯಾವುದು ಅಂತ ಯಾರು ಹೇಳಬೇಕು? ಎಲ್ಲರದ್ದೂ ಅಂದಮೇಲೆ ಬಿಲ್ಲು ತೆರಿಗೆ ಹಣದ ಮೇಲೆ ಬೀಳುತ್ತದೆ. ಚೀಟು ಮಾಡಿ ಮಾರಿದವರು ಆರಾಮಾಗಿದ್ದಾರೆ. ಹೊಗೆ ಕುಡಿಯುವುದು ಮಾತ್ರ ಯಾರ್ಡಿನ ಪಕ್ಕದ ಮನೆಯವರ ಮತ್ತು ಅಲ್ಲೇ ಚಿಂದಿ ಆಯುವವರ ಪಾಲು. ಇದು ನ್ಯಾಯವಂತೂ ಅಲ್ಲ.

ಇನ್ನೊಂದು ಮಾತು. ಜರಡಿಯಿಂದ ಉದುರಿದ ಸಣ್ಣ ಮಣ್ಣು ನೋಡಲು ಗೊಬ್ಬರದ ಹಾಗೇ ಇರುತ್ತದೆ. ಪುಕ್ಕಟೆ ಸಿಗುತ್ತದೆ ಅಂತ ಸುಮ್ನೆ ಹೊಲಕ್ಕೆ, ಹಿತ್ತಲಿಗೆ ತಂದು ಹಾಕಬೇಡಿ. ಗಾಜಿನ ಪುಡಿ, ಪ್ಲಾಸ್ಟಿಕ್ ಚೂರು ಕಣ್ಣಿಗೆ ಬಿದ್ದಾವು. ಸೀಸ, ಕ್ಯಾಡ್ಮಿಯಂ ಕಾಣುವುದಿಲ್ಲ. ಲ್ಯಾಬ್ ವರದಿ ಕೇಳಿ. ವರದಿ ಇಲ್ಲ ಅಂದರೆ ಅದು ತಗ್ಗು ತುಂಬಲೂ ಬೇಡ. ಅದರಲ್ಲೂ ಬಾವಿ, ಬೋರ್‌ವೆಲ್ ಹತ್ತಿರ ಬೇಡವೇ ಬೇಡ.