240 ಗೆರೆಗಳನ್ನು ಹೊಸ ಟಿವಿ ಓದಲಾರದೆ ಹೋದದ್ದೇಕೆ?

ತೊಂಬತ್ತರ ದಶಕದಲ್ಲಿ ನಮ್ಮ ಮನೆಗಳಿಗೆ ಬಂದ, ಕ್ಯಾಸೆಟ್ ಹಾಕಿ ಆಡುವ ‘ಟಿವಿ ಗೇಮ್’ಗಳಲ್ಲಿ ಅನೇಕವು ನಿಂಟೆಂಡೊ 1983ರ ಜುಲೈನಲ್ಲಿ ಜಪಾನಿನಲ್ಲಿ ಮಾರುಕಟ್ಟೆಗೆ ತಂದ ಫ್ಯಾಮಿಕಾಮ್‌ನ ನಕಲುಗಳಾಗಿದ್ದವು. ಅಂಥದ್ದೊಂದನ್ನೋ ಅಸಲಿ ಕನ್ಸೋಲನ್ನೋ ಅಟ್ಟದಿಂದ ಇಳಿಸಿ ಇಂದಿನ ದೊಡ್ಡ ಟಿವಿಗೆ ಜೋಡಿಸಿದವರು, ಆಗಲೂ ಚಿತ್ರ ಇಷ್ಟು ಕಲಸಿಹೋಗಿತ್ತೇ ಎಂದು ಬೇಸರಪಡುತ್ತಾರೆ. ಇರಲಿಲ್ಲ. ದೋಷದಲ್ಲಿ ಒಂದು ಪಾಲು ತಂತಿಯದು. ಅದಕ್ಕಿಂತ ದೊಡ್ಡ ಪಾಲು ಹೊಸ ಟಿವಿಯದು.

ತಂತಿಯ ತೊಡಕು ಕನ್ಸೋಲ್‌ಗಳಿಗಿಂತ ಹಳೆಯದು. ಅಮೆರಿಕ 1953ರಲ್ಲಿ ಒಪ್ಪಿಕೊಂಡ ಬಣ್ಣದ ಪ್ರಸಾರ ಪದ್ಧತಿಯಲ್ಲಿ, ಜನರ ಬಳಿಯಿದ್ದ ಕಪ್ಪು-ಬಿಳುಪು ಸೆಟ್‌ಗಳು ನಿರುಪಯುಕ್ತವಾಗಬಾರದೆಂದು, ಬೆಳಕಿನ ಸಂಕೇತದೊಳಗೇ ಬಣ್ಣವನ್ನು ಸೆಕೆಂಡಿಗೆ ಸುಮಾರು 35.8 ಲಕ್ಷ ಆವರ್ತಗಳ ಅಲೆಯಾಗಿ ಬೆರೆಸಲಾಯಿತು. ಹಳದಿ ಪಿನ್ನಿನಲ್ಲಿ ಬರುವ ಕಾಂಪೊಸಿಟ್ ಸಂಕೇತ ಈ ಬೆರಕೆಯೇ. ಫ್ಯಾಮಿಕಾಮ್ ಸೆಕೆಂಡಿಗೆ ಸುಮಾರು 53.7 ಲಕ್ಷ ಪಿಕ್ಸೆಲ್‌ಗಳ ವೇಗದಲ್ಲಿ ಚಿತ್ರ ಬಿಡಿಸುತ್ತದೆ, ಅಂದರೆ ಬಣ್ಣದ ಅಲೆ ಎರಡು ಸುತ್ತು ಮುಗಿಸುವಷ್ಟರಲ್ಲಿ ಮೂರು ಪಿಕ್ಸೆಲ್‌ಗಳು ಬಂದಿರುತ್ತವೆ. ಒಂದೊಂದು ಪಿಕ್ಸೆಲ್‌ಗೂ ಅದರದೇ ಬಣ್ಣ ಸ್ಪಷ್ಟವಾಗಿ ಸಿಗಲು ಅಲ್ಲಿ ಅವಕಾಶವೇ ಇಲ್ಲದ ಕಾರಣ ಆಕೃತಿಗಳ ಅಂಚಿನಲ್ಲಿ ಬಣ್ಣ ಸೋರಿ ಚುಕ್ಕೆಗಳು ಹರಿದಾಡುತ್ತವೆ. ಮೊದಲ ಫ್ಯಾಮಿಕಾಮ್‌ಗೆ ಹಳದಿ ಪಿನ್ನೂ ಇರಲಿಲ್ಲ. ಅದರ ಚಿತ್ರ ಟಿವಿಯ ಆಂಟೆನಾ ಕಿಂಡಿಯ ಮೂಲಕವೇ ಹೋಗಬೇಕಿತ್ತು.

ಕೆಂಪು, ಹಸಿರು, ನೀಲಿಗಳನ್ನು ಬೇರೆ ಬೇರೆ ತಂತಿಗಳಲ್ಲಿ ಒಯ್ಯುವ ಆರ್‌ಜಿಬಿ ಇದಕ್ಕೆ ನೇರ ಪರಿಹಾರ. ಫ್ರಾನ್ಸ್ 1980ರಿಂದ ಹೊಸ ಟಿವಿಗಳಲ್ಲಿ, ಆರ್‌ಜಿಬಿಯನ್ನೂ ಒಯ್ಯಬಲ್ಲ ಸ್ಕಾರ್ಟ್ ಎಂಬ ಕಿಂಡಿಯನ್ನು ಕಡ್ಡಾಯ ಮಾಡಿದ್ದರಿಂದ ಯುರೋಪಿನ ಮನೆಗಳಿಗೆ ಅದು ಬೇಗ ತಲುಪಿತು. ಸೆಗಾದ ಮೆಗಾ ಡ್ರೈವ್ (1988) ಮತ್ತು ನಿಂಟೆಂಡೊದ ಸೂಪರ್ ಫ್ಯಾಮಿಕಾಮ್ (1990) ಕನ್ಸೋಲ್‌ಗಳೆರಡೂ ಆರ್‌ಜಿಬಿ ಕೊಡಬಲ್ಲವು. ಅವನ್ನು ಇಟ್ಟುಕೊಂಡವರು ಬೇರೇನನ್ನೂ ಕೊಳ್ಳುವ ಮೊದಲು ಒಳ್ಳೆಯ ತಂತಿ ಕೊಳ್ಳಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಫ್ಯಾಮಿಕಾಮ್‌ನ ಚಿತ್ರದ ಚಿಪ್ ಮಾತ್ರ ಒಳಗೇ ಕಾಂಪೊಸಿಟ್ ತಯಾರಿಸಿಬಿಡುತ್ತದೆ. ಆದ್ದರಿಂದಲೇ ಆಸಕ್ತರು ನಿಂಟೆಂಡೊದ ಆರ್ಕೇಡ್ ಯಂತ್ರಗಳಿಂದ ಆರ್‌ಜಿಬಿ ಚಿಪ್ ಕಿತ್ತು ಇದಕ್ಕೆ ಕೂರಿಸಿದರು.

ತಂತಿ ಸರಿಯಾದರೂ ಉಳಿಯುವ ಸಮಸ್ಯೆಯೇ ಹೆಚ್ಚು ಗಹನವಾದದ್ದು. ಎನ್‌ಟಿಎಸ್‌ಸಿ ಎಂದು ಕರೆಯುವ ಆ ಅಮೆರಿಕನ್ ಪದ್ಧತಿಯಲ್ಲಿ ಚಿತ್ರದ 525 ಗೆರೆಗಳು 262.5ರಂತೆ ಎರಡು ಸರದಿಯಲ್ಲಿ ಬರುತ್ತವೆ. ಆ ಅರ್ಧ ಗೆರೆಯಿಂದಾಗಿಯೇ ಎರಡನೆಯ ಸರದಿ ಮೊದಲನೆಯದರ ಸಂದುಗಳಲ್ಲಿ ಕೂರುತ್ತದೆ. ಕನ್ಸೋಲ್ ತಯಾರಕರು ಅರ್ಧ ಗೆರೆ ಬಿಟ್ಟು ಪ್ರತಿ ಸರದಿಗೂ 262 ಗೆರೆಗಳನ್ನೇ ಕಳಿಸಿದರು. ಹೀಗಾಗಿ ಸೆಕೆಂಡಿಗೆ ಸುಮಾರು 60 ಬಾರಿ, ಅದೇ ಜಾಗದಲ್ಲಿ, ಪೂರ್ಣ ಚಿತ್ರ ಮೂಡುತ್ತಿತ್ತು. ಆ 262ರಲ್ಲಿ ಚಿತ್ರಕ್ಕೆ ಬಳಕೆಯಾಗುವ ಗೆರೆಗಳು ಸುಮಾರು 240 ಆದ್ದರಿಂದ ಇಂದು 240ಪಿ ಎಂದು ಕರೆಯುವ ಈ ಕ್ರಮ ಪ್ರಸಾರದ ನಿಯಮಾವಳಿಗೆ ಹೊರತಾದದ್ದು, ಆದರೆ ಬಂದ ಸಂಕೇತದ ತಾಳಕ್ಕೆ ತಕ್ಕಂತೆ ಕಿರಣ ಓಡಿಸುತ್ತಿದ್ದ ಪಿಕ್ಚರ್ ಟ್ಯೂಬಿಗೆ ಅದರಿಂದ ತೊಂದರೆಯಿರಲಿಲ್ಲ.

ಇಂದಿನ ಅನೇಕ ಟಿವಿಗಳು ಇದನ್ನು ಎರಡು ಸರದಿಯಲ್ಲಿ ಬರುವ 480 ಗೆರೆಗಳ ಪ್ರಸಾರ ಚಿತ್ರ (480ಐ) ಎಂದೇ ತಪ್ಪಾಗಿ ಓದಿ, ಸಂಬಂಧವಿಲ್ಲದ ಎರಡು ಚಿತ್ರಗಳನ್ನು ಒಂದಾಗಿ ಹೆಣೆಯುತ್ತವೆ. ಪೆಟ್ಟು ತಿಂದ ನಾಯಕ ಮಿಣುಕುವುದನ್ನು ತೋರಿಸಲು ಆಟಗಳು ಅವನನ್ನು ಒಂದು ಬಿಟ್ಟು ಒಂದು ಚಿತ್ರದಲ್ಲಿ ಬಿಡಿಸುತ್ತಿದ್ದವು. ಇಂಥ ಟಿವಿಯಲ್ಲಿ ಅವನು ಮಿಣುಕುವ ಬದಲು ಬಾಚಣಿಗೆಯ ಹಲ್ಲಿನಂತೆ ಸೀಳಿಹೋಗುತ್ತಾನೆ, ಇಲ್ಲವೇ ಕಾಣದಾಗುತ್ತಾನೆ. ಹೆಣೆಯಲು ಹಿಡಿಯುವ ಸಮಯದಿಂದ ಗುಂಡಿ ಒತ್ತಿದ್ದಕ್ಕೂ ನೆಗೆತಕ್ಕೂ ನಡುವೆ ಅಂತರ ಬೀಳುತ್ತದೆ, ಮತ್ತು ಆಡುವವರಿಗೆ ಮಸುಕಿಗಿಂತ ಇದೇ ಹೆಚ್ಚು ನೋವು ಕೊಡುವುದು.

ಈ ತಪ್ಪು ಓದನ್ನು ತಪ್ಪಿಸಲು, 240ಪಿಯನ್ನು ಅರಿತು ಹೊಸ ಟಿವಿಗಳ ಎಚ್‌ಡಿಎಂಐ ಸಂಕೇತಕ್ಕೆ ಬದಲಿಸುವ ಪೆಟ್ಟಿಗೆಗಳು ಹುಟ್ಟಿದವು. ಜಪಾನಿನ ಮೈಕೊಮ್‌ಸಾಫ್ಟ್‌ನ ಫ್ರೇಮ್‌ಮೈಸ್ಟರ್ ಬಹುಕಾಲ ಆಸಕ್ತರ ನೆಚ್ಚಿನದಾಗಿತ್ತು. ಆಮೇಲೆ ಬಂದ ಓಎಸ್‌ಎಸ್‌ಸಿ ಇಡೀ ಚಿತ್ರವನ್ನು ಕೂಡಿಟ್ಟುಕೊಳ್ಳದೆ ಒಂದೊಂದು ಗೆರೆಯನ್ನೂ ಬಂದಂತೆಯೇ ಮತ್ತೆ ಮತ್ತೆ ಬರೆಯುವುದರಿಂದ ಹೇಳಿಕೊಳ್ಳುವಂಥ ವಿಳಂಬವಿಲ್ಲ. 240ನ್ನು ಮೂರರಿಂದ ಗುಣಿಸಿದರೆ 720, ಒಂಬತ್ತರಿಂದ ಗುಣಿಸಿದರೆ 4ಕೆ ಪರದೆಯ 2160. ನಡುವಿನ 1080ಕ್ಕೆ ಮಾತ್ರ ನಾಲ್ಕೂವರೆ ಪಟ್ಟು ಬೇಕು, ಆದ್ದರಿಂದ ಅಲ್ಲಿ ಗೆರೆಗಳ ದಪ್ಪ ಏರುಪೇರಾಗುತ್ತದೆ ಅಥವಾ ಚಿತ್ರದ ಅಂಚು ಕತ್ತರಿಸಬೇಕಾಗುತ್ತದೆ.

ಹಾಗಿದ್ದರೂ ನಿಚ್ಚಳವಾದದ್ದೆಲ್ಲ ನಿಜವಾದ ಚಿತ್ರವಲ್ಲ. 1991ರ ‘ಸಾನಿಕ್ ದ ಹೆಡ್ಜ್‌ಹಾಗ್’ನ ಜಲಪಾತಗಳು ಒತ್ತೊತ್ತಾದ ಲಂಬ ಪಟ್ಟೆಗಳು; ಕಾಂಪೊಸಿಟ್‌ನ ಮಸುಕಿನಲ್ಲಿ ಅವು ಕರಗಿ ಪಾರದರ್ಶಕ ನೀರಿನಂತೆ ಕಾಣುತ್ತಿದ್ದವು, ಆರ್‌ಜಿಬಿಯಲ್ಲಿ ಬರಿಯ ಪಟ್ಟೆಗಳಾಗಿಯೇ ಉಳಿಯುತ್ತವೆ. 2023ರಲ್ಲಿ ಬಂದ ಇಂಥದ್ದೇ ಪೆಟ್ಟಿಗೆ ರೆಟ್ರೊಟಿಂಕ್-4ಕೆ, ಮೂಲದ ಒಂದು ಗೆರೆಗೆ ಸಿಗುವ ಆ ಒಂಬತ್ತು ಗೆರೆಗಳಲ್ಲಿ ಕೆಲವನ್ನು ಬೆಳಗಿಸಿ, ಕೆಲವನ್ನು ಕಪ್ಪಾಗಿಸಿ, ಹಳೆಯ ಟ್ಯೂಬಿನ ರಂಜಕದ ಚುಕ್ಕೆಗಳನ್ನೇ ಪರದೆಯ ಮೇಲೆ ಮತ್ತೆ ಬಿಡಿಸುತ್ತದೆ.