ತಪ್ಪು ಯಾರೂ ಹೇಳುವುದಿಲ್ಲ, ಫೋನ್ ಬರುವುದಿಲ್ಲ ಅಷ್ಟೆ

ಕಂಪನಿ ಕೆಲಸದಲ್ಲಿ ಇರುವವರನ್ನು ವರ್ಷಕ್ಕೊಮ್ಮೆಯಾದರೂ ಮೇಲಿನವರು ಕೂರಿಸಿಕೊಂಡು ಮಾತಾಡುತ್ತಾರೆ. ಇದು ಚೆನ್ನಾಗಿದೆ, ಇದು ಸಾಲದು, ಇದನ್ನು ಕಲಿತುಕೊಳ್ಳಿ ಅಂತ ಹೇಳುತ್ತಾರೆ. ಸಿನಿಮಾ, ಧಾರಾವಾಹಿಗಳಲ್ಲಿ ದಿನದ ಲೆಕ್ಕದಲ್ಲೋ ಪ್ರಾಜೆಕ್ಟ್ ಲೆಕ್ಕದಲ್ಲೋ ದುಡಿಯುವ ನಮಗೆ ಆ ವ್ಯವಸ್ಥೆ ಇಲ್ಲ. ಪ್ಯಾಕಪ್ ದಿನ ಎಲ್ಲರೂ ‘ಸೂಪರ್ ಸಾರ್’ ಅಂತ ಕೈ ಕುಲುಕುತ್ತಾರೆ. ಮುಂದಿನ ಶೆಡ್ಯೂಲ್‌ಗೆ ಬೇರೆಯವರು ಹೋಗಿರುತ್ತಾರೆ. ಎಲ್ಲಿ ಎಡವಟ್ಟಾಯಿತು ಅನ್ನುವುದು ಎಡಿಟರ್‌ಗೆ ಗೊತ್ತಿರುತ್ತದೆ, ಸದ್ದೆಲ್ಲ ಬೆರೆಸಿ ಮಿಕ್ಸಿಂಗ್ ಮಾಡಿದವರಿಗೆ ಗೊತ್ತಿರುತ್ತದೆ, ಮ್ಯಾನೇಜರ್‌ಗೂ ಗೊತ್ತಿರುತ್ತದೆ. ನಮ್ಮ ತನಕ ಆ ಮಾತು ಬರುವುದೇ ಇಲ್ಲ.

ನಾನು ಲೊಕೇಶನ್ ಸೌಂಡ್ ಕೆಲಸದವನು, ಅಂದರೆ ಶೂಟಿಂಗ್ ಜಾಗದಲ್ಲೇ ಮಾತು, ಸದ್ದು ರೆಕಾರ್ಡ್ ಮಾಡುವವನು. ಬೂಮ್ (ಉದ್ದ ಕೋಲಿನ ತುದಿಗೆ ಕಟ್ಟಿದ ಮೈಕ್) ಹಿಡಿಯುವುದರಿಂದ ಶುರು ಮಾಡಿ, ಈಗ ಬೆಂಗಳೂರಿನಲ್ಲಿ ಧಾರಾವಾಹಿ, ಸಾಕ್ಷ್ಯಚಿತ್ರ, ಜಾಹೀರಾತು, ಸಿನಿಮಾ ಎಲ್ಲದಕ್ಕೂ ಹೋಗುತ್ತೇನೆ. ಹೊಸ ಹುಡುಗರು, ಹುಡುಗಿಯರು ಬಂದು ‘ಸಾರ್, ಯಾವ ಕೋರ್ಸ್ ಮಾಡಲಿ, ಯಾವ ರೆಕಾರ್ಡರ್ ತಗೊಳ್ಳಲಿ’ ಅಂತ ಕೇಳುತ್ತಾರೆ. ಅದಕ್ಕೆ ಮೊದಲು ಒಂದು ಕೆಲಸ ಇದೆ. ನಾವು ಈಗ ಮಾಡುತ್ತಿರುವ ಕೆಲಸ ಹೇಗಿದೆ ಅಂತ ತಿಳಿದುಕೊಳ್ಳುವ ದಾರಿಯನ್ನು ನಾವೇ ಮಾಡಿಕೊಳ್ಳಬೇಕು. ಅದು ಗೊತ್ತಿಲ್ಲದೆ ಕಲಿಯಲು ಹೊರಟರೆ ಬೇಡದ್ದನ್ನೇ ಕಲಿಯುತ್ತಾ ಹೋಗುತ್ತೇವೆ.

ಕೆಲಸ ಜಾಸ್ತಿ ಮಾಡಿದಷ್ಟೂ ಕೈ ಪಳಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಪೂರ್ತಿ ನಿಜ ಅಲ್ಲ. ದಿನದ ಧಾರಾವಾಹಿಯನ್ನೇ ನೋಡಿ. ಅದೇ ಶೂಟಿಂಗ್ ಮನೆ, ಅದೇ ಹಾಲ್, ಅದೇ ಕಲಾವಿದರು, ಬಟ್ಟೆಗೆ ಸಿಕ್ಕಿಸುವ ಅದೇ ಲೇಪಲ್ ಮೈಕ್‌ಗಳು. ಮೊದಲ ಕೆಲವು ತಿಂಗಳಲ್ಲಿ ವೇಗ ಬರುತ್ತದೆ, ಒತ್ತಡದಲ್ಲಿ ತಲೆ ಕೆಡದೆ ಇರುವುದು ಬರುತ್ತದೆ. ಇವು ದೊಡ್ಡ ವಿದ್ಯೆಗಳೇ, ಸಿನಿಮಾದವರು ಇದನ್ನು ಹಗುರವಾಗಿ ನೋಡಬಾರದು. ಆದರೆ ಆಮೇಲೆ ಕೈ ತಾನಾಗಿಯೇ ಓಡುತ್ತದೆ, ಕಿವಿ ಕೇಳುವುದನ್ನು ಬಿಡುತ್ತದೆ. ಹೇಗೂ ಹಿನ್ನೆಲೆ ಸಂಗೀತ ಸಂಭಾಷಣೆಯ ಅಡಿಯಲ್ಲಿ ಸದಾ ಇರುತ್ತದೆ. ಫ್ರಿಜ್ ಸದ್ದು, ಆಚೆ ಮನೆಯ ಮೋಟರ್ ಸದ್ದು ಅದರಲ್ಲಿ ಮುಚ್ಚಿಹೋಗುತ್ತದೆ. ಅಲ್ಲಿಂದ ನೇರ ಸಾಕ್ಷ್ಯಚಿತ್ರಕ್ಕೆ ಹೋದರೆ ಏನಾಗುತ್ತದೆ? ಹೆಗಲ ಮೇಲೆ ಬ್ಯಾಗ್, ಕೈಯಲ್ಲಿ ಬೂಮ್, ಎರಡನೇ ಟೇಕ್ ಇಲ್ಲ, ಮುಚ್ಚಿಕೊಳ್ಳಲು ಸಂಗೀತವೂ ಇಲ್ಲ.

ಹಾಗಾಗಿ ನನ್ನ ಮೊದಲ ಸಲಹೆ: ನೀವು ರೆಕಾರ್ಡ್ ಮಾಡಿಕೊಟ್ಟದ್ದು ಮುಂದೆ ಎಲ್ಲಿ ಹೋಗುತ್ತದೋ ಅಲ್ಲಿಗೆ ನೀವೂ ಹೋಗಿ. ಎಡಿಟಿಂಗ್ ರೂಮಿಗೆ ಒಂದು ಮಧ್ಯಾಹ್ನ ಹೋಗಿ ಹಿಂದೆ ಸುಮ್ನೆ ಕೂತುಕೊಳ್ಳಿ. ‘ಸೌಂಡ್ ಹೇಗಿದೆ?’ ಅಂತ ಕೇಳಬೇಡಿ, ‘ಚೆನ್ನಾಗಿದೆ’ ಅನ್ನುವ ಉತ್ತರವೇ ಬರುವುದು. ‘ನನ್ನ ಟ್ರ್ಯಾಕ್‌ನಲ್ಲಿ ಯಾವ ಸೀನ್‌ಗೆ ಡಬ್ಬಿಂಗ್ ಹಾಕಬೇಕಾಯಿತು?’ ಅಂತ ಕೇಳಿ, ಅಂದರೆ ಯಾವ ಮಾತನ್ನು ಸ್ಟುಡಿಯೋದಲ್ಲಿ ಮತ್ತೆ ಹೇಳಿಸಬೇಕಾಯಿತು ಅಂತ. ಆ ಸೀನ್ ತೆಗೆಸಿ, ಹೆಡ್‌ಫೋನ್ ಹಾಕಿಕೊಂಡು ಪೂರ್ತಿ ಕೇಳಿ.

ಅಲ್ಲಿ ಕೂತಾಗ ಸೆಟ್‌ನಲ್ಲಿ ಗೊತ್ತಾಗದ ಎಷ್ಟೋ ಸಂಗತಿ ಗೊತ್ತಾಗುತ್ತದೆ. ನಮ್ಮ ಕಲಾವಿದರಲ್ಲಿ ಅನೇಕರು ವಾಕ್ಯದ ಕೊನೆಯಲ್ಲಿ ದನಿ ಇಳಿಸುತ್ತಾರೆ. ಕನ್ನಡದಲ್ಲಿ ಬಂದದ್ದು ಅವನೋ ಅವಳೋ ಅವರೋ ಅನ್ನುವುದು ಕ್ರಿಯಾಪದದ ಕೊನೆಯಲ್ಲೇ ಇರುತ್ತದೆ. ಅದು ಕೇಳಿಸದಿದ್ದರೆ ಮಾತು ಅರ್ಧ ಆದಂತೆ. ಸ್ಕ್ರಿಪ್ಟ್ ಓದಿಕೊಂಡ ನಮಗೆ ಸೆಟ್‌ನಲ್ಲಿ ಅದು ಕೇಳಿಸಿದ ಹಾಗೇ ಅನಿಸುತ್ತದೆ, ಯಾಕೆಂದರೆ ಡೈಲಾಗ್ ಮೊದಲೇ ಬಾಯಿಪಾಠ ಆಗಿರುತ್ತದೆ. ಕೆಲವು ಸೆಟ್‌ಗಳಲ್ಲಿ ಪಕ್ಕದಿಂದ ಪ್ರಾಂಪ್ಟಿಂಗ್ (ಡೈಲಾಗ್ ಹೇಳಿಕೊಡುವುದು) ಇರುತ್ತದೆ. ಆ ದನಿ ಕಲಾವಿದರ ಮಾತಿನ ಬಾಲಕ್ಕೆ ಅಂಟಿಕೊಂಡಿದ್ದರೆ ಎಡಿಟರ್ ಅದನ್ನು ಕತ್ತರಿಸಲು ಎಷ್ಟು ಒದ್ದಾಡುತ್ತಾರೆ ಅಂತ ಒಮ್ಮೆ ಕಣ್ಣಾರೆ ನೋಡಿ. ಮರುದಿನದಿಂದ ಪ್ರಾಂಪ್ಟರ್ ಹತ್ತಿರ ಹೋಗಿ ‘ಅವರ ಮಾತು ಮುಗಿದ ಮೇಲೆ ಅರೆಕ್ಷಣ ಬಿಟ್ಟು ಹೇಳಿ ಅಣ್ಣಾ’ ಅಂತ ನೀವೇ ಕೇಳಿಕೊಳ್ಳುತ್ತೀರಿ.

ಸಿಂಕ್ (ಚಿತ್ರಕ್ಕೂ ಸದ್ದಿಗೂ ಹೊಂದಿಸುವ) ವಿಷಯವೂ ಹಾಗೇ. ಕ್ಯಾಮೆರಾದ ಗಡಿಯಾರ ಬೇರೆ, ರೆಕಾರ್ಡರ್ ಗಡಿಯಾರ ಬೇರೆ. ಉದ್ದ ಸಂದರ್ಶನಗಳಲ್ಲಿ ಎರಡೂ ನಿಧಾನಕ್ಕೆ ದೂರ ಸರಿಯುತ್ತವೆ. ಸೆಕೆಂಡಿಗೆ 25 ಫ್ರೇಮ್ ಲೆಕ್ಕದಲ್ಲಿ ಒಂದು ಫ್ರೇಮ್ ಅಂದರೆ 40 ಮಿಲಿಸೆಕೆಂಡ್. ಎರಡು ಮೂರು ಫ್ರೇಮ್ ಸರಿದರೆ ಸಾಕು, ತುಟಿಗೂ ಮಾತಿಗೂ ಹೊಂದುವುದಿಲ್ಲ. ಇದನ್ನು ಎಡಿಟರ್ ಸದ್ದಿಲ್ಲದೆ ಸರಿಮಾಡಿಕೊಂಡು ಹೋಗುತ್ತಾರೆ. ನಾವು ಟೈಮ್‌ಕೋಡ್ (ಎರಡಕ್ಕೂ ಒಂದೇ ಸಮಯದ ಗುರುತು) ಸರಿಯಾಗಿ ಹಾಕಿದ್ದೇವೆ ಅಂದುಕೊಂಡು ನೆಮ್ಮದಿಯಾಗಿ ಇರುತ್ತೇವೆ.

ಇನ್ನು ಕೆಲಸ ಇಲ್ಲದ ದಿನಗಳ ಮಾತು. ಆಷಾಢದಲ್ಲಿ ಮುಹೂರ್ತ ಇಟ್ಟುಕೊಳ್ಳುವವರು ಕಡಿಮೆ. ಒಂದು ಧಾರಾವಾಹಿ ಮುಗಿದು ಇನ್ನೊಂದು ಶುರುವಾಗುವ ನಡುವೆಯೂ ಖಾಲಿ ಇರುತ್ತದೆ. ಆ ದಿನಗಳಲ್ಲಿ ಮನಸ್ಸು ಫೋನ್ ಕಡೆಯೇ ಇರುತ್ತದೆ, ನನಗೂ ಅದು ಗೊತ್ತು. ಆದರೆ ಸೆಟ್‌ನಲ್ಲಿ ಪ್ರಯೋಗ ಮಾಡಲು ಯಾರೂ ಬಿಡುವುದಿಲ್ಲ. ತಪ್ಪಿದರೂ ಪರವಾಗಿಲ್ಲ ಅನ್ನುವ ಜಾಗ ಮನೆಯೊಂದೇ.

ರೇಷ್ಮೆ ಸೀರೆಯ ಮೇಲೆ ಲೇಪಲ್ ಹಾಕುವುದನ್ನೇ ತೆಗೆದುಕೊಳ್ಳಿ. ನಮ್ಮ ಕಥೆಗಳಲ್ಲಿ ಮದುವೆ, ಪೂಜೆ, ಸೀಮಂತ ಬಂದೇ ಬರುತ್ತವೆ. ಜರಿ ಅಂಚು ಗಡಸಾಗಿರುತ್ತದೆ, ಮೈಕ್‌ಗೆ ಉಜ್ಜಿದರೆ ಸರಸರ ಅನ್ನುತ್ತದೆ. ತಾಳಿ, ಉದ್ದನೆ ಸರ ಎರಡೂ ಮೈಕ್ ಮೇಲೇ ಬಂದು ಬಡಿಯುತ್ತವೆ. ಕೈ ಎತ್ತಿ ಮಾತಾಡಿದರೆ ಬಳೆ ಸದ್ದು. ಇಂಟರ್‌ನೆಟ್‌ನಲ್ಲಿ ಸಿಗುವ ಪಾಠಗಳಲ್ಲಿ ಹೆಚ್ಚಿನವು ಶರ್ಟು, ಟೈ, ಕೋಟಿನ ಮೇಲೆ ಮೈಕ್ ಹಾಕುವುದನ್ನೇ ತೋರಿಸುತ್ತವೆ. ನಮ್ಮ ಪಾಠವನ್ನು ನಾವೇ ಮಾಡಿಕೊಳ್ಳಬೇಕು. ಮನೆಯಲ್ಲಿರುವ ಹಳೇ ರೇಷ್ಮೆ ಸೀರೆ ತೆಗೆದುಕೊಳ್ಳಿ, ಅಕ್ಕನನ್ನೋ ಗೆಳತಿಯನ್ನೋ ಉಡಲು ಕೇಳಿಕೊಳ್ಳಿ. ಎಡವಟ್ಟಿನ ಸದ್ದು ಬರುವುದು ಎರಡು ಬಟ್ಟೆಗಳು ಒಂದರ ಮೇಲೊಂದು ಜಾರುವುದರಿಂದ. ಮೈಕ್‌ನ ಎರಡೂ ಕಡೆಯ ಬಟ್ಟೆ ಟೇಪ್‌ನಿಂದ ಮೈಕ್‌ಗೇ ಅಂಟಿಕೊಂಡಿದ್ದರೆ ಜಾರಲು ಜಾಗ ಇರುವುದಿಲ್ಲ. ಮೈಕ್ ಕೆಳಗೆ ವೈರನ್ನು ಒಂದು ಸಣ್ಣ ಸುತ್ತು ಸುತ್ತಿ ಅಂಟಿಸಿದರೆ ವೈರ್ ಎಳೆದಾಡಿದ ಸದ್ದು ಮೇಲಕ್ಕೆ ಬರುವುದಿಲ್ಲ. ತೀರಾ ಮೇಲೆ, ಗಂಟಲ ಕೆಳಗೇ ಇಟ್ಟರೆ ಗಲ್ಲದ ಮರೆಯಲ್ಲಿ ದನಿ ಮಂಕಾಗುತ್ತದೆ. ಕಲಾವಿದೆ ಯಾವ ಕಡೆ ತಿರುಗಿ ಮಾತಾಡುತ್ತಾರೆ ಅಂತ ಮೊದಲೇ ಅಸೋಸಿಯೇಟ್ ಡೈರೆಕ್ಟರ್ ಹತ್ತಿರ ಕೇಳಿಕೊಂಡು ಆ ಕಡೆಗೇ ಮೈಕ್ ಸರಿಸಬೇಕು. ಇಷ್ಟನ್ನೂ ಬೇರೆ ಬೇರೆ ಜಾಗದಲ್ಲಿ ಇಟ್ಟು, ಒಂದೇ ಡೈಲಾಗ್ ಹೇಳಿಸಿ, ಪ್ರತಿಯೊಂದಕ್ಕೂ ಜಾಗದ ಹೆಸರು ಬಾಯಲ್ಲೇ ಹೇಳಿ ರೆಕಾರ್ಡ್ ಮಾಡಿಕೊಳ್ಳಿ. ಸಂಜೆ ಕೂತು ಕೇಳಿ.

ಇದಕ್ಕೆ ಸೇರಿದ ಇನ್ನೊಂದು ವಿದ್ಯೆ ಯಾವ ಪುಸ್ತಕದಲ್ಲೂ ಜಾಸ್ತಿ ಬರೆದಿರುವುದಿಲ್ಲ. ಮೈಕ್ ಹಾಕುವ ಮುಂಚೆ ‘ಮೇಡಂ, ಇಲ್ಲಿ ಪಿನ್ ಮಾಡಬಹುದಾ?’ ಅಂತ ಕೇಳುವುದು, ಒಳಗಿನ ವೈರನ್ನು ಅವರ ಕೈಗೇ ಕೊಟ್ಟು ಅವರೇ ಹಾಕಿಕೊಳ್ಳಲು ಬಿಡುವುದು, ಇಲ್ಲವೇ ಕಾಸ್ಟ್ಯೂಮ್ ವಿಭಾಗದ ಹೆಣ್ಣುಮಕ್ಕಳ ಸಹಾಯ ಪಡೆಯುವುದು. ಮೈಕ್ ಎಲ್ಲರೆದುರು ಹಾಕದೆ ಸ್ವಲ್ಪ ಮರೆಯಲ್ಲಿ ಹಾಕುವುದು. ಕಲಾವಿದರಿಗೆ ನಿಮ್ಮ ಮೇಲೆ ನಂಬಿಕೆ ಬಂದರೆ ಒಂದು ಇಂಚು ಆಚೀಚೆ ಸರಿಸಲು ಮತ್ತೆ ಕೇಳಬಹುದು. ನಂಬಿಕೆ ಹೋದರೆ ಮೈಕ್ ಎಲ್ಲಿದೆಯೋ ಅಲ್ಲೇ ಇರುತ್ತದೆ, ಸದ್ದೂ ಹಾಗೇ ಇರುತ್ತದೆ.

ಬೂಮ್ ಅಭ್ಯಾಸವೂ ಮನೆಯಲ್ಲೇ ಆಗುತ್ತದೆ. ಬಯಲಿನಲ್ಲಿ ಮೈಕ್ ದೂರ ಎರಡು ಪಟ್ಟಾದರೆ ಮಾತು 6 ಡೆಸಿಬಲ್ ಇಳಿಯುತ್ತದೆ. ಮನೆಯೊಳಗೆ ದೂರ ಹೋದಷ್ಟೂ ಮಾತು ಇಳಿಯುತ್ತದೆ, ಗೋಡೆಯ ಪ್ರತಿಧ್ವನಿ ಮಾತ್ರ ಇದ್ದಷ್ಟೇ ಇರುತ್ತದೆ. ಒಂದೇ ದಿಕ್ಕಿನ ಸದ್ದನ್ನು ಹೆಚ್ಚಾಗಿ ಹಿಡಿಯುವ ಉದ್ದನೆ ಶಾಟ್‌ಗನ್ ಮೈಕ್ ಹೊರಾಂಗಣಕ್ಕೆ ಬಹಳ ಒಳ್ಳೆಯದು. ಮಾರ್ಬಲ್ ನೆಲ, ತಗ್ಗು ಸೂರು ಇರುವ ಕೋಣೆಯಲ್ಲಿ ಅದೇ ಮೈಕ್ ದನಿಯನ್ನು ಟೊಳ್ಳು ಮಾಡಿಬಿಡುತ್ತದೆ. ಅಲ್ಲಿ ಗಿಡ್ಡನೆಯ ಹೈಪರ್‌ಕಾರ್ಡಿಯಾಯ್ಡ್ (ಎದುರಿನ ಸದ್ದನ್ನೇ ಹೆಚ್ಚು ಹಿಡಿಯುವ) ಮೈಕ್ ವಾಸಿ. ಈ ಎರಡರ ವ್ಯತ್ಯಾಸವನ್ನು ಓದಿ ತಿಳಿದರೆ ಸಾಲದು. ಬಾಡಿಗೆ ಅಂಗಡಿಯವರು ಪರಿಚಯವಿದ್ದರೆ, ಉಪಕರಣಗಳು ಹೊರಗೆ ಹೋಗದ ದಿನ ಅಲ್ಲೇ ಕೂತು ಪ್ರಯೋಗ ಮಾಡಲು ಬಿಡುತ್ತಾರೆ. ಕೇಳಲು ಸಂಕೋಚ ಪಡಬೇಡಿ.

ಉಪಕರಣಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. 2019ರ ನಂತರ ತೀರಾ ಮೆಲ್ಲನೆಯ, ತೀರಾ ಜೋರಿನ ಸದ್ದನ್ನೂ ಹಿಡಿಯಬಲ್ಲ 32 ಬಿಟ್ ಫ್ಲೋಟ್ ರೆಕಾರ್ಡರ್‌ಗಳು ನಮ್ಮಂಥವರ ಕೈಗೆ ಬಂದವು. ಕಿರುಚಿದರೂ ಕ್ಲಿಪ್ ಆಗುವ (ಸದ್ದು ಮಿತಿ ಮೀರಿ ಒಡೆಯುವ) ಭಯ ಕಡಿಮೆಯಾಯಿತು. ಆದರೆ ಮೈಕ್ ದೂರ ಇದ್ದರೆ, ವೈರ್‌ಲೆಸ್ ಸಿಗ್ನಲ್ ಕಡಿದುಹೋದರೆ, ಸೀರೆ ಉಜ್ಜಿದರೆ ಅದು ಏನೂ ಮಾಡಲಾರದು. ಸದ್ದು ಕಳೆಯುವ ಎಐ ಸಾಫ್ಟ್‌ವೇರ್‌ಗಳು ಫ್ಯಾನ್, ಎಸಿ ಸದ್ದನ್ನು ಚೆನ್ನಾಗಿ ತೆಗೆಯುತ್ತವೆ. ಜಾಸ್ತಿ ಎಳೆದರೆ ಪಿಸುಮಾತಿನ ಉಸಿರನ್ನೂ ಒರೆಸಿಹಾಕುತ್ತವೆ. ಅವನ್ನು ದೂರ ಇಡುವುದಕ್ಕಿಂತ ಬಳಸಿ ನೋಡುವುದು ಒಳ್ಳೆಯದು. ಯಾವ ತಪ್ಪನ್ನು ಆಮೇಲೆ ಸರಿಮಾಡಬಹುದು, ಯಾವುದಕ್ಕೆ ಸೆಟ್‌ನಲ್ಲೇ ‘ಒನ್ ಮೋರ್’ ಕೇಳಬೇಕು ಅನ್ನುವ ಅಂದಾಜು ಆಗ ಬರುತ್ತದೆ. ಎಡಿಟಿಂಗ್ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲೇ ಫೇರ್‌ಲೈಟ್ ಎನ್ನುವ ಸೌಂಡ್ ವಿಭಾಗ ಇದೆ. ನಿಮ್ಮದೇ ರೆಕಾರ್ಡಿಂಗ್ ಅದರಲ್ಲಿ ಹಾಕಿ ಒಂದು ಸೀನ್ ನೀವೇ ಸಿಂಕ್ ಮಾಡಿ, ನೀವೇ ಮಿಕ್ಸ್ ಮಾಡಿ. ರೂಮ್ ಟೋನ್ (ಯಾರೂ ಮಾತಾಡದಾಗ ಆ ಜಾಗದಲ್ಲಿರುವ ಸದ್ದು) ಯಾಕೆ ಬೇಕು ಅಂತ ಆಮೇಲೆ ಯಾರೂ ನಿಮಗೆ ಹೇಳಬೇಕಾಗಿಲ್ಲ.

ಕೆಲಸದ ದಿಕ್ಕು ಬದಲಾಗುವುದನ್ನೂ ನೋಡುತ್ತಿರಬೇಕು. ಬೇರೆ ಭಾಷೆಯವನ್ನು ಕನ್ನಡಕ್ಕೆ ಡಬ್ಬಿಂಗ್ ಮಾಡುವುದು ಎಷ್ಟೋ ದಶಕ ಬಾಗಿಲು ಮುಚ್ಚಿದ ವಿಷಯವಾಗಿತ್ತು. 2015ರಲ್ಲಿ, ಡಬ್ಬಿಂಗ್ ತಡೆಯುವುದು ತಪ್ಪು ಅಂತ ಭಾರತದ ಸ್ಪರ್ಧಾ ಆಯೋಗದ ಆದೇಶ ಬಂತು. 2020ರ ಲಾಕ್‌ಡೌನ್ ಹೊತ್ತಿಗೆ ಬೇರೆ ಭಾಷೆಯ ಧಾರಾವಾಹಿಗಳು ಕನ್ನಡಕ್ಕೆ ಡಬ್ ಆಗಿ ಚಾನೆಲ್‌ಗಳಲ್ಲಿ ಬರತೊಡಗಿದವು. ಡಬ್ಬಿಂಗ್ ಸರಿಯೋ ತಪ್ಪೋ ಅನ್ನುವ ವಾದ ಬೇರೆ. ಸೌಂಡ್‌ನವರಿಗೆ ಕೆಲಸ ಅಂತೂ ಹೆಚ್ಚಿತು. ಇತ್ತ ಕನ್ನಡ ಸಿನಿಮಾಗಳೂ ಹಲವು ಭಾಷೆಗಳಿಗೆ ಹೋಗುತ್ತಿವೆ. ಹಾಗೆ ಹೋಗಲು ಸಂಭಾಷಣೆ ಇಲ್ಲದ, ಸಂಗೀತ ಮತ್ತು ಎಫೆಕ್ಟ್ಸ್ ಮಾತ್ರ ಇರುವ ಎಂ ಅಂಡ್ ಇ ಟ್ರ್ಯಾಕ್ ಬೇಕು. ಸಿಂಕ್ ಸೌಂಡ್ (ಶೂಟಿಂಗ್‌ನಲ್ಲೇ ಮಾತು ರೆಕಾರ್ಡ್ ಮಾಡಿದ) ಸಿನಿಮಾದಲ್ಲಿ ಮಾತು ತೆಗೆದರೆ ಅದರ ಜೊತೆಗೇ ಹೆಜ್ಜೆ, ಬಾಗಿಲು, ಪಾತ್ರೆ ಸದ್ದೆಲ್ಲ ಹೋಗುತ್ತದೆ. ಲೊಕೇಶನ್‌ನಲ್ಲಿ ಮಾತಿಲ್ಲದೆ ಆ ಸದ್ದುಗಳನ್ನು ಬೇರೆಯಾಗಿ ರೆಕಾರ್ಡ್ ಮಾಡಿಕೊಟ್ಟವರನ್ನು ಮಿಕ್ಸಿಂಗ್‌ನವರು ಮರೆಯುವುದಿಲ್ಲ. ಊಟದ ಬ್ರೇಕ್‌ನಲ್ಲಿ ಹತ್ತು ನಿಮಿಷ ಸಾಕು ಇದಕ್ಕೆ. ಒಟಿಟಿಗೆ ಕೊಡುವಾಗ ಅಳತೆಗಳೂ ಬಿಗಿ. ನೆಟ್‌ಫ್ಲಿಕ್ಸ್ ಸಂಭಾಷಣೆಯ ಸರಾಸರಿ ಮಟ್ಟ ಮೈನಸ್ 27 ಎಲ್‌ಕೆಎಫ್‌ಎಸ್ (ಸದ್ದಿನ ಜೋರನ್ನು ಅಳೆಯುವ ಮಾನ) ಇರಬೇಕು ಅನ್ನುತ್ತದೆ, ಎರಡು ಯೂನಿಟ್ ಆಚೀಚೆ ಮಾತ್ರ. ನೀವು ಮಿಕ್ಸಿಂಗ್ ಮಾಡದಿದ್ದರೂ ಈ ಲೆಕ್ಕ ಗೊತ್ತಿದ್ದರೆ ಪಿಸುಮಾತಿನ ಸೀನ್‌ನಲ್ಲಿ ಹಿನ್ನೆಲೆ ಗದ್ದಲ ಎಷ್ಟು ತಡೆಯುತ್ತದೆ ಅಂತ ಸ್ಥಳದಲ್ಲೇ ಹೇಳಬಹುದು.

ಗೊತ್ತಿಲ್ಲದ ಬಗೆಯ ಕೆಲಸಕ್ಕೆ ಹೋಗುವುದು ಹೇಗೆ? ‘ಬರುತ್ತೆ’ ಅಂತ ಸುಳ್ಳು ಹೇಳಿ ಒಪ್ಪಿಕೊಳ್ಳಬೇಡಿ. ಆ ಕೆಲಸ ಚೆನ್ನಾಗಿ ಮಾಡುವ ಹಿರಿಯರ ಹತ್ತಿರ ಎರಡನೇ ಬೂಮ್ ಹಿಡಿಯಲು ಹೋಗಿ, ಬಾಟಾ (ದಿನದ ಭತ್ಯೆ) ಕಡಿಮೆಯಾದರೂ. ಸ್ವಂತವಾಗಿ ರೆಕಾರ್ಡ್ ಮಾಡುವವರು ಮತ್ತೆ ಬೂಮ್ ಹಿಡಿಯುವುದು ಅವಮಾನ ಅನ್ನುವ ಭಾವನೆ ನಮ್ಮಲ್ಲಿ ಇದೆ. ಅದು ಹೋಗಬೇಕು. ಬೇರೆಯವರು ಕಲಾವಿದರ ಜೊತೆ ಹೇಗೆ ಮಾತಾಡುತ್ತಾರೆ, ಜನರೇಟರ್ ಎಲ್ಲಿ ನಿಲ್ಲಿಸಲು ಹೇಳುತ್ತಾರೆ, ಸೌಂಡ್ ರಿಪೋರ್ಟ್ ಹೇಗೆ ಬರೆಯುತ್ತಾರೆ, ಇದೆಲ್ಲ ಪಕ್ಕದಲ್ಲಿ ನಿಂತರೆ ಮಾತ್ರ ಕಾಣುವುದು.

ಕೋರ್ಸ್‌ಗಳೂ ಇವೆ. ಹೆಸರಘಟ್ಟದ ಸರ್ಕಾರಿ ಫಿಲ್ಮ್ ಮತ್ತು ಟೆಲಿವಿಷನ್ ಸಂಸ್ಥೆ 1943ರಷ್ಟು ಹಳೆಯದು, ಅಲ್ಲಿ ಸೌಂಡ್ ಡಿಪ್ಲೊಮಾ ಇದೆ. ಪುಣೆಯ ಫಿಲ್ಮ್ ಸಂಸ್ಥೆ ಎಫ್‌ಟಿಐಐ 2017ರಿಂದ ಸ್ಕಿಫ್ಟ್ ಹೆಸರಿನಲ್ಲಿ ಬೇರೆ ಬೇರೆ ಊರುಗಳಲ್ಲಿ ಚಿಕ್ಕ ಕೋರ್ಸ್‌ಗಳನ್ನು ನಡೆಸಿದೆ. ದುಡಿಯುತ್ತಾ ಇರುವವರಿಗೆ ಚಿಕ್ಕ ಕೋರ್ಸ್‌ಗಳೇ ಅನುಕೂಲ. ಪ್ರತಿ ಪೇಮೆಂಟ್‌ನಲ್ಲಿ ಸ್ವಲ್ಪ ಹಣ ಇದಕ್ಕೆ ಅಂತ ಬೇರೆ ಖಾತೆಗೆ ಹಾಕಿ ಇಡಿ. ಹೊಸ ಮೈಕ್‌ಗೆ ಸಾಲ ಮಾಡುವವರು ಕಲಿಕೆಗೆ ಖರ್ಚು ಮಾಡಲು ಹಿಂದೆ ಮುಂದೆ ನೋಡುವುದು ಯಾಕೆ ಅಂತ ನನಗೆ ಅರ್ಥವಾಗಿಲ್ಲ.

ಕೊನೆಗೆ ಕಿವಿ. ನಮ್ಮ ನಿಜವಾದ ಉಪಕರಣ ಅದು. ಅದಕ್ಕೆ ಬಾಡಿಗೆ ಅಂಗಡಿ ಇಲ್ಲ. 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆಗಿಂತ ಹೆಚ್ಚು ಇರಬಾರದು ಅನ್ನುವುದು ತಜ್ಞರ ಮಿತಿ. ಸದ್ದು 3 ಡೆಸಿಬಲ್ ಏರಿದಂತೆಲ್ಲ ಆ ಸಮಯ ಅರ್ಧವಾಗುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ. ಗದ್ದಲದ ಲೊಕೇಶನ್‌ನಲ್ಲಿ ಹೊರಗಿನ ಸದ್ದು ಮೀರಿಸಲು ಹೆಡ್‌ಫೋನ್ ವಾಲ್ಯೂಮ್ ಏರಿಸುತ್ತಲೇ ಹೋಗುತ್ತೇವೆ, ದಿನವಿಡೀ ಇಳಿಸುವುದೇ ಇಲ್ಲ. ಲೈಟಿಂಗ್ ಬದಲಾಯಿಸುವ ಹೊತ್ತಿನಲ್ಲಿ ಹೆಡ್‌ಫೋನ್ ತೆಗೆದು ಕುತ್ತಿಗೆಗೆ ಹಾಕಿಕೊಳ್ಳಿ. ಹೊರಗಿನ ಸದ್ದು ತಡೆಯುವ, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಬಳಸಿ, ಆಗ ವಾಲ್ಯೂಮ್ ಕಡಿಮೆ ಸಾಕಾಗುತ್ತದೆ. ವರ್ಷಕ್ಕೊಮ್ಮೆ ಆಡಿಯೋಗ್ರಾಮ್ (ಕಿವಿ ಎಷ್ಟು ಕೇಳುತ್ತದೆ ಅನ್ನುವ ಪರೀಕ್ಷೆ) ಮಾಡಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲೂ ಈ ಪರೀಕ್ಷೆ ಆಗುತ್ತದೆ. ಮೊದಲ ವರ್ಷದ ವರದಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ, ಮುಂದಿನ ವರ್ಷಗಳದ್ದನ್ನು ಅದರ ಪಕ್ಕ ಇಟ್ಟು ನೋಡಿ. 4000 ಹರ್ಟ್ಜ್ ಹತ್ತಿರ ಗೆರೆ ಗುಂಡಿಯ ಹಾಗೆ ಇಳಿದಿದ್ದರೆ ಅದು ಸಾಮಾನ್ಯವಾಗಿ ಜೋರು ಸದ್ದಿನಿಂದ ಆದ ಪೆಟ್ಟು. ತಡಮಾಡದೆ ಕಿವಿ ವೈದ್ಯರನ್ನು ನೋಡಿ, ಮುಂದಿನ ಶೆಡ್ಯೂಲ್ ಮುಗಿಯಲಿ ಅಂತ ಕಾಯಬೇಡಿ.